ಗ್ರಹಣವೂ ಮಕ್ಕಳ ಶಿಕ್ಷಣವೂ

ಗ್ರಹಣವು ನೆರಳಿನಿಂದ ಆಗುವುದೆಂದು ಶಾಲೆಯಲ್ಲಿ ಉಪಾಧ್ಯಾಯರು ಕಲಿಸುವರು. ರಾಹುವು ಚಂದ್ರನನ್ನು ನುಂಗುವನೆಂದು ಮನೆಯಲ್ಲಿ ಅಜ್ಜಿಯು ಹೇಳುವಳು. ಎಂಟು ವರುಷದ ಮಗುವು ಯಾರನ್ನು ನಂಬಬೇಕು? ಇದಕ್ಕೆ ಹಿರಿಯರು ಉತ್ತರವೀಯದಿದ್ದರೆ, ವಿಜ್ಞಾನವು ಪರೀಕ್ಷೆಗಾಗಿ, ಧರ್ಮವು ಭಯಕ್ಕಾಗಿ ಎಂದು ಮಗುವು ತಾನೇ ತೀರ್ಮಾನಿಸಿಕೊಳ್ಳುವುದು.

ಇದು ಬರಿಯ ವಾದದ ಮಾತಲ್ಲ. 2019ನೆಯ ಇಸವಿ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣವಾಯಿತು. ಕೊಡಗಿನಲ್ಲಿ ಜನರು ಆ ಬೆಳಕಿನ ಬಳೆಯನ್ನು ನೋಡಲು ನೆರೆದಿದ್ದರು. ಅದೇ ದಿನ ಕಲಬುರಗಿ ಜಿಲ್ಲೆಯ ಗ್ರಾಮವೊಂದರಲ್ಲಿ, ಗುಣವಾಗುವುದೆಂಬ ನಂಬಿಕೆಯಿಂದ, ಅಂಗವಿಕಲರಾದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಲಾಗಿತ್ತು. ಆ ತಾಯಿತಂದೆಗಳಲ್ಲಿ ವಾತ್ಸಲ್ಯಕ್ಕೆ ಕೊರತೆಯಿತ್ತೆಂದು ಹೇಳಲಾಗದು, ಕೊರತೆಯಿದ್ದುದು ತಿಳಿವಿನಲ್ಲಿ.

ನೆರಳಿನ ವಿಚಾರವು ಪರದೇಶದಿಂದ ಬಂದ ಹೊಸ ಮಾತೆಂದು ಸಂಶಯಪಡಬೇಕಾದುದಿಲ್ಲ. 499ರಲ್ಲಿ ಆರ್ಯಭಟನೂ, ಆರನೆಯ ಶತಮಾನದಲ್ಲಿ ವರಾಹಮಿಹಿರನೂ ಇದನ್ನೇ ಹೇಳಿದರು. ಜ್ಯೋತಿರ್ಗಣಿತದಲ್ಲಿ ರಾಹುಕೇತುಗಳೆಂದರೆ ಚಂದ್ರನ ಹಾದಿಯು ಸೂರ್ಯನ ಹಾದಿಯನ್ನು ದಾಟುವ ಎರಡು ಸ್ಥಾನಗಳ ಹೆಸರು. ಪಂಚಾಂಗದಲ್ಲಿ ಸ್ಪರ್ಶಮೋಕ್ಷಗಳ ಕಾಲವನ್ನು ಗಣಿತದಿಂದಲೇ ಬರೆಯುವರಲ್ಲದೆ, ರಾಹುವಿಗೆ ಹಸಿವಾಗುವ ಹೊತ್ತನ್ನು ಯಾರೂ ಊಹಿಸುವುದಿಲ್ಲ.

ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಮತಬೋಧೆ ಕೂಡದೆಂದು ನಮ್ಮ ಸಂವಿಧಾನದ 28ನೆಯ ವಿಧಿಯು ವಿಧಿಸಿರುವುದು. ಆದುದರಿಂದ ಶಾಲೆಯ ಪಾಠವನ್ನೂ ಮನೆಯ ಆಚಾರವನ್ನೂ ಹೊಂದಿಸಿ ಹೇಳುವ ಭಾರವು ಬಹುಮಟ್ಟಿಗೆ ಗೃಹಸ್ಥರದೇ ಆಗಿದೆ.

ಅದು ಕಷ್ಟವಲ್ಲ. ಸಂಜೆ ದೀಪವನ್ನು ಹಚ್ಚಿ, ಅದರೆದುರಿಗೆ ಒಂದು ತೆಂಗಿನಕಾಯನ್ನು ಹಿಡಿಯಿರಿ. ಕಾಯಿಯ ಹಿಂದೆ ಒಂದು ನಿಂಬೆಹಣ್ಣನ್ನು ಸರಿಸಿರಿ. ಹಣ್ಣು ಕತ್ತಲಾಗುವುದು, ಇದೇ ಚಂದ್ರಗ್ರಹಣ. ಹಣ್ಣನ್ನು ಮುಂದಕ್ಕೆ ತಂದರೆ ಅದರ ನೆರಳು ಕಾಯಿಯ ಮೇಲೆ ಬೀಳುವುದು; ಇದೇ ಸೂರ್ಯಗ್ರಹಣ. ಬಳಿಕ ಅಮೃತಮಥನದ ಕಥೆಯನ್ನು ಕಥೆಯಾಗಿಯೇ ಹೇಳಿರಿ. ಆಕಾಶದಲ್ಲಿ ಏನು ನಡೆಯುವುದೆಂಬುದನ್ನು ದೀಪವು ತೋರಿಸಲಿ. ಕಪಟದಿಂದ ಪಡೆದುದು ದಕ್ಕದೆಂಬುದನ್ನು ಕಥೆಯು ಕಲಿಸಲಿ.

ಸ್ನಾನ, ಜಪ, ದಾನಗಳನ್ನು ಆಚರಿಸುವ ಮನೆಯವರು ಭಕ್ತಿಯಿಂದ ಆಚರಿಸಲಿ. ಸೂರ್ಯನನ್ನು ಬರಿಗಣ್ಣಿನಿಂದ ನೋಡಿದರೆ ಕಣ್ಣು ಕೆಡುವುದೆಂಬ ನಿಜವಾದ ಎಚ್ಚರಿಕೆಯನ್ನೂ ಮಕ್ಕಳಿಗೆ ಕೊಡಲಿ. ಆದರೆ ಮಗುವಿನ ದೇಹವನ್ನು ನೋಯಿಸುವ ಆಚಾರವನ್ನು ಧರ್ಮವೆಂದು ಕರೆಯತಕ್ಕದ್ದಲ್ಲ. "ಹಾಗೆಲ್ಲ ಕೇಳಬಾರದು" ಎಂದು ಅದರ ಪ್ರಶ್ನೆಯನ್ನು ಅಡಗಿಸತಕ್ಕದ್ದೂ ಅಲ್ಲ. ಪ್ರಶ್ನೆಗೆ ಹೆದರದ ಮನೆಯಲ್ಲಿ ಬೆಳೆದ ಮಗುವು ದೇವರ ಮುಂದೆ ಕೈಮುಗಿಯುವಾಗಲೂ ಹೆದರಿ ಮುಗಿಯುವುದಿಲ್ಲ.