ಸಣ್ಣ ಸ್ಕೂಟರು ಮತ್ತು ಘಾಟಿಯ ಏರು

ದಾವಣಗೆರೆಯ ವಿದ್ಯಾನಗರದಿಂದ ಹರಿಹರ, ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿಗಳ ಮೂಲಕ ಆಗುಂಬೆಯವರೆಗಿನ ದಾರಿ ಸಣ್ಣ ಸ್ಕೂಟರನ್ನು ಅಷ್ಟಾಗಿ ದಣಿಸುವುದಿಲ್ಲ. ಅಲ್ಲಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಹಿಮ್ಮುರಿ ತಿರುವುಗಳಿವೆ. ಊರೊಳಗೆ ಚುರುಕಾಗಿ ಓಡುವ ವಾಹನವು, ಮರಳಿ ಬರುವಾಗ, ಇಬ್ಬರನ್ನು ಹೊತ್ತು ಇಲ್ಲಿ ಏದುಸಿರು ಬಿಡತೊಡಗುತ್ತದೆ. ‘ಎಂಜಿನ್ನಿಗೆ ಶಕ್ತಿ ಸಾಲದು’ ಎಂಬುದು ಆಗ ಎಲ್ಲರ ಬಾಯಲ್ಲೂ ಬರುವ ಮಾತು. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಇಲ್ಲಿ ವಿಚಾರಿಸೋಣ.

ಇತಿಹಾಸದ ಅಧ್ಯಾಪಕರಾದ ನಮಗೆ ಯಂತ್ರದ ಗೊಡವೆ ಏಕೆಂದು ವಾಚಕರು ಕೇಳಬಹುದು. ಏರುದಾರಿಯಲ್ಲಿ ಭಾರ ಸಾಗಿಸುವುದು ಇತಿಹಾಸದಷ್ಟೇ ಹಳೆಯ ಸಮಸ್ಯೆ. ಅದಕ್ಕೆ ಹಿಂದಿನವರು ಎರಡು ಉಪಾಯಗಳನ್ನು ಕಂಡುಕೊಂಡಿದ್ದರು. ಗಾಡಿಗೆ ಇನ್ನೊಂದು ಜೋಡಿ ಎತ್ತು ಕಟ್ಟುವುದು ಒಂದು. ದಾರಿಯನ್ನೇ ಸುತ್ತಿಸುತ್ತಿ ಉದ್ದಗೊಳಿಸಿ ಕಡಿದನ್ನು ತಗ್ಗಿಸುವುದು ಇನ್ನೊಂದು. ಮೊದಲನೆಯದು ಬಲವನ್ನು ಕೂಡಿಸುತ್ತದೆ. ಎರಡನೆಯದು ಇರುವ ಬಲಕ್ಕೆ ಕೆಲಸವನ್ನು ಒಗ್ಗಿಸುತ್ತದೆ. ಸ್ಕೂಟರಿನ ವಿಷಯದಲ್ಲಿಯೂ ಇರುವ ಮಾರ್ಗಗಳು ಇವೆರಡೇ.

ಮೊದಲು ಲೆಕ್ಕವನ್ನು ನೋಡೋಣ. ಸ್ಕೂಟರಿನ ತೂಕ 110 ಕಿಲೋ, ಇಬ್ಬರು ಸವಾರರದು 130, ಒಟ್ಟು 240 ಕಿಲೋ ಎಂದು ಇಟ್ಟುಕೊಳ್ಳೋಣ. 15 ಮೀಟರಿಗೆ ಒಂದು ಮೀಟರು ಏರುವ ದಾರಿಯಲ್ಲಿ ಇದನ್ನು ಮೇಲಕ್ಕೆಳೆಯಲು 16 ಕಿಲೋ ತೂಕದಷ್ಟು ಬಲ ಬೇಕು. ಚಕ್ರದ ಉರುಳು ತಡೆ ಹಾಗೂ ಗಾಳಿಯ ತಡೆಗಳನ್ನು ಸೇರಿಸಿದರೆ, ಗಂಟೆಗೆ 30 ಕಿಲೋಮೀಟರು ವೇಗಕ್ಕೆ ಸುಮಾರು ಎರಡೂವರೆ ಅಶ್ವಶಕ್ತಿ ಸಾಕು. 50 ಕಿಲೋಮೀಟರಿಗೆ ಐದಕ್ಕೂ ಮಿಕ್ಕಿ ಬೇಕು. ನೂರು ಸಿ.ಸಿ.ಯ ಸ್ಕೂಟರಿನ ಎಂಜಿನ್ನು ಏಳೆಂಟು ಅಶ್ವಶಕ್ತಿ ಕೊಡಬಲ್ಲದು. ಹೀಗಿರುವಾಗ ಕೊರತೆ ಎಲ್ಲಿದೆ? ಆ ಶಕ್ತಿಯು ಎಂಜಿನ್ನು ವೇಗವಾಗಿ ಸುತ್ತುತ್ತಿರುವಾಗ ಮಾತ್ರ ದೊರೆಯುವಂಥದು. ಏರಿನಲ್ಲಿ ಸುತ್ತು ಕುಗ್ಗಿದೊಡನೆ ಶಕ್ತಿಯೂ ಕುಗ್ಗುತ್ತದೆ. ಆದುದರಿಂದ ಮುಖ್ಯ ಪ್ರಶ್ನೆ ಶಕ್ತಿಯದಲ್ಲ, ಎಂಜಿನ್ನಿನ ಸುತ್ತಿಗೂ ಚಕ್ರದ ಸುತ್ತಿಗೂ ಇರುವ ಪ್ರಮಾಣದ್ದು.

ಈ ತತ್ತ್ವ ನಮ್ಮ ಪ್ರದೇಶಕ್ಕೆ ಹೊಸದಲ್ಲ. 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತುಗಳಿಗೆ ಹೆಸರಾಗಿತ್ತು. ಕಾರ್ಖಾನೆ ಈಗ ಇಲ್ಲ. ಆದರೆ ಲೇತಿನ ಮುಂದೆ ನಿಂತು ಕೆಲಸ ಮಾಡಿದವರಿಗೆಲ್ಲ ಬ್ಯಾಕ್‌ಗಿಯರಿನ ಗುಟ್ಟು ತಿಳಿದಿದೆ. ದಪ್ಪ ಕಬ್ಬಿಣವನ್ನು ಆಳವಾಗಿ ಕೊರೆಯಬೇಕಾದಾಗ ಅವರು ಮೋಟಾರನ್ನು ಬದಲಿಸುವುದಿಲ್ಲ. ಬ್ಯಾಕ್‌ಗಿಯರು ಹಾಕಿ ಸುತ್ತನ್ನು ನಿಧಾನಗೊಳಿಸುತ್ತಾರೆ. ವೇಗ ಹೋದಷ್ಟೂ ಬಲ ಬರುತ್ತದೆ.

1946ರ ಮೊದಲ ವೆಸ್ಪಾ ಸ್ಕೂಟರಿಗೆ ಇದ್ದುದು 98 ಸಿ.ಸಿ.ಯ ಎಂಜಿನ್ನು, ಆದರೆ ಗಿಯರು ಮೂರಿದ್ದವು. 1972ರಲ್ಲಿ ಬಂದ ಬಜಾಜ್ ಚೇತಕ್‌ನಲ್ಲಿ ನಾಲ್ಕು. ಇಂಥ ವಾಹನದಲ್ಲಿ ಸುತ್ತು ಕುಗ್ಗುವ ಮೊದಲೇ ಕೆಳಗಿನ ಗಿಯರಿಗೆ ಬರುವುದು ಸವಾರನ ಕೆಲಸ. ಗಿಯರಿಲ್ಲದ ಇಂದಿನ ಸ್ಕೂಟರಿನಲ್ಲಿ ಈ ಕೆಲಸವನ್ನು ಬೆಲ್ಟು ಮತ್ತು ವೇರಿಯೇಟರ್ ಮಾಡುತ್ತವೆ. ಎಂಜಿನ್ನು ಸುತ್ತಿದಂತೆಲ್ಲ ಒಳಗಿನ ರೋಲರುಗಳು ಹೊರಕ್ಕೆ ಸಿಡಿದು ಮುಂದಿನ ಪುಲ್ಲಿಯನ್ನು ಒತ್ತುತ್ತವೆ. ಬೆಲ್ಟು ದೊಡ್ಡ ಸುತ್ತಿಗೆ ಏರುತ್ತದೆ. ವೇಗ ಹೆಚ್ಚಿ ಎಳೆತ ಕಡಿಮೆಯಾಗುತ್ತದೆ. ರೋಲರು ತುಸು ಹಗುರವಾಗಿದ್ದರೆ ಈ ಬದಲಾವಣೆ ತಡವಾಗಿ ಆಗಿ, ಎಂಜಿನ್ನು ಏರಿನಲ್ಲಿ ತನ್ನ ಸುತ್ತನ್ನು ಉಳಿಸಿಕೊಳ್ಳುತ್ತದೆ. ಒಂದೊಂದೇ ಗ್ರಾಮಿನಷ್ಟು ಇಳಿಸಿ ನೋಡುವುದು ವಿವೇಕ. ಅತಿಯಾದರೆ ಎಂಜಿನ್ನು ಅರಚುವುದೇ ಹೊರತು ಗಾಡಿ ಮುಂದುವರಿಯದು. ಪೆಟ್ರೋಲೂ ಹೆಚ್ಚು ಖರ್ಚಾಗುವುದು. ಚೈನಿನಿಂದ ಓಡುವ ಮೊಪೆಡ್ಡಿಗೆ ಇದೇ ಫಲ ಬೇಕಾದರೆ ಮುಂದಿನ ಹಲ್ಲುಚಕ್ರದಲ್ಲಿ ಒಂದು ಹಲ್ಲು ಕಡಿಮೆ ಮಾಡಬೇಕು. 12 ಹಲ್ಲಿನ ಬದಲು 11 ಆದರೆ ಎಳೆತ ನೂರಕ್ಕೆ ಒಂಬತ್ತರಷ್ಟು ಹೆಚ್ಚುತ್ತದೆ. ಗರಿಷ್ಠ ವೇಗ ಅದಕ್ಕೆ ತಕ್ಕಂತೆ ತಗ್ಗುತ್ತದೆ.

ಇದಕ್ಕೆ ಪ್ರತಿಯಾಗಿ, ಬಲ ಕೂಡಿಸುವ ಮಾರ್ಗದಿಂದ ಸಿಗುವುದು ಅಲ್ಪ. ಸವೆದ ಸಿಲಿಂಡರನ್ನು ಬೋರ್ ಮಾಡಿಸಿ 50 ಮಿಲಿಮೀಟರಿನ ಪಿಸ್ಟನ್ನಿನ ಸ್ಥಳದಲ್ಲಿ ಅರ್ಧ ಮಿಲಿಮೀಟರು ದೊಡ್ಡದನ್ನು ಕೂರಿಸಿದರೆ ಎಂಜಿನ್ನಿನ ಗಾತ್ರ ಹೆಚ್ಚುವುದು ನೂರಕ್ಕೆ ಎರಡು ಮಾತ್ರ. ಗಾಳಿ ಸೋಸುವ ಫಿಲ್ಟರನ್ನು ತೆಗೆದುಹಾಕುವುದಂತೂ ಹಾನಿಕರ; ಧೂಳು ಒಳಸೇರಿ ಎಂಜಿನ್ನು ಸವೆಯುತ್ತದೆ. ಸವೆದ ಬೆಲ್ಟು, ಜಾರುವ ಕ್ಲಚ್ಚು, ಗಾಳಿ ಇಳಿದ ಟೈರು, ಹಳೆಯ ಟೂ-ಸ್ಟ್ರೋಕ್ ಗಾಡಿಯ ಮಸಿಗಟ್ಟಿದ ಸೈಲೆನ್ಸರು, ಇವನ್ನು ಸರಿಪಡಿಸಿದರೆ ಕಳೆದುಹೋದ ಶಕ್ತಿಯ ಬಹುಭಾಗ ಮರಳಿ ದೊರೆಯುತ್ತದೆ. ಎತ್ತರವೂ ಗಣನೆಗೆ ಬರತಕ್ಕದ್ದೇ. ಸುಮಾರು 600 ಮೀಟರು ಎತ್ತರದ ದಾವಣಗೆರೆಯಿಂದ 1,900 ಮೀಟರು ಮೀರಿದ ಮುಳ್ಳಯ್ಯನಗಿರಿಗೆ ಹೋದರೆ ಗಾಳಿ ತೆಳುವಾಗಿ, ಎಂಜಿನ್ನಿನ ಶಕ್ತಿಯಲ್ಲಿ ಸುಮಾರು ಎಂಟನೆಯ ಒಂದು ಭಾಗ ಕುಗ್ಗುತ್ತದೆ. ಆಗುಂಬೆಯಲ್ಲಿ ಈ ತೊಡಕಿಲ್ಲ.

ಎರಡು ಎಚ್ಚರಿಕೆಗಳು ಅವಶ್ಯ. ತಯಾರಕರ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ನಿರ್ಬಂಧಿಸಿದೆ. ಆದುದರಿಂದ ಏನನ್ನೇ ಬದಲಿಸುವ ಮುನ್ನ ಅಧಿಕೃತ ಸಲಹೆ ಪಡೆಯತಕ್ಕದ್ದು. ಎರಡನೆಯದು ಇನ್ನೂ ಗುರುತರವಾದುದು: ಏರಿದವನು ಇಳಿಯಲೇಬೇಕು. ಗಿಯರಿಲ್ಲದ ಸ್ಕೂಟರಿಗೆ ಇಳಿಜಾರಿನಲ್ಲಿ ಎಂಜಿನ್ನಿನ ತಡೆ ಸ್ವಲ್ಪವೇ ದೊರೆಯುತ್ತದೆ. ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬಹಳ ಹೊತ್ತು ಒತ್ತಿ ಹಿಡಿದ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಏರಲು ಹಣ ವೆಚ್ಚ ಮಾಡುವ ವಿದ್ಯಾರ್ಥಿಯು ಮೊದಲು ಬ್ರೇಕಿಗೆ ವೆಚ್ಚ ಮಾಡಲಿ.

ಘಾಟಿಯ ತಿರುವುಗಳನ್ನು ಕಡಿದವರು ಬೆಟ್ಟದೊಡನೆ ಸೆಣಸಲಿಲ್ಲ; ದೂರವನ್ನು ಕೊಟ್ಟು ಸುಲಭವನ್ನು ಪಡೆದರು. ಸಣ್ಣ ಸ್ಕೂಟರಿನ ಸವಾರನೂ ವೇಗವನ್ನು ಕೊಟ್ಟು ಬಲವನ್ನು ಪಡೆಯಬೇಕು. ಗಂಟೆಗೆ 30 ಕಿಲೋಮೀಟರಿನಲ್ಲಿ ಏರಲೊಪ್ಪಿದವನಿಗೆ ಈಗಿರುವ ಎಂಜಿನ್ನೇ ಸಾಕೆಂಬುದು ನಮ್ಮ ಅಭಿಪ್ರಾಯ.