ನಿಮಗಿದು ಗೊತ್ತೇ? ಹೂಳಿನಲ್ಲಿದೆ ಹಳೆಯ ಮಳೆಯ ಲೆಕ್ಕ

ಹಳೆಯ ಹವಾಮಾನ ತಿಳಿಯಲು ವಿಜ್ಞಾನಿಗಳು ಸರೋವರದ ತಳಕ್ಕೆ ಕೊಳವೆ ಇಳಿಸಿ, ಪದರಗಳು ಕಲಸಿಹೋಗದಂತೆ ಹೂಳನ್ನು ಕಂಬದ ಹಾಗೆ ಮೇಲೆತ್ತುತ್ತಾರೆ. ಪ್ರಯೋಗಾಲಯದಲ್ಲಿ ಅದನ್ನು ಉದ್ದಕ್ಕೆ ಸೀಳುತ್ತಾರೆ. ಒಂದು ಹೋಳು ಪರೀಕ್ಷೆಗೆ, ಇನ್ನೊಂದು ಶೀತಲ ಕೋಣೆಗೆ. ಮುಂದೆ ಇನ್ನೂ ಒಳ್ಳೆಯ ಉಪಕರಣ ಬಂದೀತು ಎಂಬ ಮುಂದಾಲೋಚನೆ!

ಜಪಾನಿನ ಸುಯಿಗೆತ್ಸು ಸರೋವರದ ತಳದಲ್ಲಿ ಸುಮಾರು 70,000 ವರ್ಷಗಳ ಹೂಳು 45 ಮೀಟರ್ ದಪ್ಪಕ್ಕೆ ಕೂತಿದೆ. ವರ್ಷಕ್ಕೊಂದು ಜೋಡಿ ಪದರ, ಮಿಲಿಮೀಟರಿಗಿಂತ ತೆಳು. ಇಷ್ಟು ಅಚ್ಚುಕಟ್ಟಾಗಿ ಉಳಿದದ್ದು ಹೇಗೆ? ಸುತ್ತ ಗುಡ್ಡ, ನೇರವಾಗಿ ಬಂದು ಬೀಳುವ ದೊಡ್ಡ ನದಿಯಿಲ್ಲ. ತಳದ ನೀರಿನಲ್ಲಿ ಆಮ್ಲಜನಕವಿಲ್ಲದ ಕಾರಣ ಕೆಸರು ಕೆದಕುವ ಹುಳುಗಳೂ ಇಲ್ಲ. ಪದರ ಎಣಿಸಿದರೆ ವರ್ಷ ಸಿಗುತ್ತದೆ. ಅದೇ ಪದರದ ಎಲೆಯಲ್ಲಿ ಕಾರ್ಬನ್-14 ಎಷ್ಟಿದೆ ಎಂದು ಅಳೆಯಬಹುದು. ಪುರಾತತ್ವಜ್ಞರು ಕಾರ್ಬನ್ ಕಾಲಗಣನೆಯನ್ನು ತಿದ್ದಿಕೊಳ್ಳಲು ಬಳಸುವ ಅಂತರರಾಷ್ಟ್ರೀಯ ಕೋಷ್ಟಕಕ್ಕೆ 2013ರಲ್ಲಿ ಈ ಎಲೆಗಳ ಲೆಕ್ಕವೂ ಸೇರಿತು.

ಗಾಜನ್ನೇ ಕರಗಿಸುವ ಹೈಡ್ರೋಫ್ಲೋರಿಕ್ ಆಮ್ಲಕ್ಕೂ ಹೂಳಿನಲ್ಲಿರುವ ಪರಾಗಕಣ ಜಗ್ಗುವುದಿಲ್ಲ. ಮರಳು, ಜೇಡಿ ಕರಗಿಹೋದ ಮೇಲೂ ಪರಾಗ ಉಳಿದು, ಆ ಕಾಲದಲ್ಲಿ ಸುತ್ತ ಕಾಡಿತ್ತೋ ಹುಲ್ಲುಗಾವಲಿತ್ತೋ ಹೇಳುತ್ತದೆ.

ಆದರೆ ಒಂದು ಚಮಚ ಕೆಸರಿನ ಪರಾಗವನ್ನೆಲ್ಲ ಎಣಿಸುವವರು ಯಾರು? ಅದಕ್ಕೊಂದು ಜಾಣ ಉಪಾಯವಿದೆ. ಲೈಕೋಪೋಡಿಯಂ ಎಂಬ ಸಸ್ಯದ ಬೀಜಾಣುಗಳನ್ನು, ಇಂತಿಷ್ಟೇ ಎಂದು ಗೊತ್ತಿರುವ ಮಾತ್ರೆಯ ರೂಪದಲ್ಲಿ ಮೊದಲೇ ಬೆರೆಸಿಬಿಡುತ್ತಾರೆ. ಸೂಕ್ಷ್ಮದರ್ಶಕದಡಿ ಅವು ಎಷ್ಟು ಕಂಡವು, ಪರಾಗ ಎಷ್ಟು ಕಂಡಿತು ನೋಡಿ, ಒಟ್ಟು ಪರಾಗದ ಲೆಕ್ಕ ಹಾಕುತ್ತಾರೆ. ಇಡೀ ಪ್ರಯೋಗಾಲಯದಲ್ಲಿ ನನಗೆ ಅತಿ ಮೆಚ್ಚುಗೆಯಾದದ್ದು ಈ ಬೀಜಗಣಿತವೇ.

ಒಣಗಿಸಿದ ಹೂಳನ್ನು 550 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಕಡಿಮೆಯಾಗುವ ತೂಕವೇ, ಹೆಚ್ಚುಕಡಿಮೆ, ಅದರಲ್ಲಿದ್ದ ಜೈವಿಕ ವಸ್ತು. ಬೇಕಾದದ್ದು ಕುಲುಮೆ, ತಕ್ಕಡಿ, ಅಷ್ಟೇ.

ಹೂಳಿನಲ್ಲಿ ವಿಕಿರಣಶೀಲ ಸೀಸಿಯಂ-137 ತಟ್ಟನೆ ಏರಿದ ಪದರ ಕಂಡರೆ ಅದು ಬಹುತೇಕ 1963ರ ಆಸುಪಾಸಿನದು. ಬಯಲಲ್ಲಿ ಸಿಡಿಸಿದ ಅಣುಬಾಂಬುಗಳ ಧೂಳು ಆಗ ಜಗತ್ತಿನೆಲ್ಲೆಡೆ ಸುರಿದಿತ್ತು.

ಹರಿಯಾಣದ ಕೋಟ್ಲಾ ದಾಹರ್ ಇಂದು ಸರೋವರವಲ್ಲ, ಒಣ ತಗ್ಗು. ಅದರ ಹೂಳಿನಲ್ಲಿ ಸಿಕ್ಕ ಬಸವನಹುಳುವಿನ ಚಿಪ್ಪುಗಳಲ್ಲಿ, ಮಳೆಯ ಏರಿಳಿತದ ಸುಳಿವು ಕೊಡುವ ಆಮ್ಲಜನಕದ ಸಮಸ್ಥಾನಿಗಳನ್ನು ಅಳೆದವರಿಗೆ, ಸುಮಾರು 4,100 ವರ್ಷಗಳ ಹಿಂದೆ ಮುಂಗಾರು ಸೊರಗಿದ್ದು ಕಂಡಿತು. 2014ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ಸಿಂಧೂ ನಗರಗಳು ಕಳೆಗುಂದಿದ್ದೂ ಹತ್ತಿರಹತ್ತಿರ ಆಗಲೇ. ಮಳೆಯೊಂದೇ ಕಾರಣ ಎನ್ನಲಾಗದು. ಆದರೆ ಮಳೆಯನ್ನು ಬಿಟ್ಟು ಆ ಕಥೆ ಹೇಳುವುದು ಇನ್ನು ಕಷ್ಟ.