ಇಪ್ಪತ್ತರಲ್ಲಿ ಒಂದು ಸೊರಗಿದರೆ?

ಮಕ್ಕಳೇ, ವಿಮಾನಕ್ಕೆ ಬ್ಯಾಟರಿ ಏಕೆ ಬೇಕು? ಹಾರುವಾಗ ವಿದ್ಯುತ್ತನ್ನು ಎಂಜಿನ್ ತಿರುಗಿಸುವ ಜನರೇಟರ್‌ಗಳು ಕೊಡುತ್ತವೆ. ಅವೆಲ್ಲ ಕೈಕೊಟ್ಟರೆ ಪೈಲಟ್‌ನ ಮುಖ್ಯ ಉಪಕರಣಗಳಿಗೂ ರೇಡಿಯೊಗೂ ಬ್ಯಾಟರಿಯೇ ಆಸರೆ. ಆದ್ದರಿಂದಲೇ ನಿಗದಿತ ಅವಧಿಗೊಮ್ಮೆ ಅದನ್ನು ಬಿಚ್ಚಿ ಪ್ರಯೋಗಾಲಯಕ್ಕೆ ತರುತ್ತಾರೆ.

ಅನೇಕ ವಿಮಾನಗಳಲ್ಲಿರುವುದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ 20 ಕೋಶಗಳು. ಒಂದೊಂದೂ 1.2 ವೋಲ್ಟ್, ಒಟ್ಟು 24.

ಪರೀಕ್ಷೆ ಸರಳ. ಪೂರ್ತಿ ಚಾರ್ಜ್ ಮಾಡಿ, ಮತ್ತೆ ಬರಿದು ಮಾಡುವುದು. 40 ಆಂಪಿಯರ್-ಅವರ್ ಬ್ಯಾಟರಿ 40 ಆಂಪಿಯರ್‌ನಂತೆ ಒಂದು ಗಂಟೆ ಕೊಡಬೇಕು. ಶೇ. 85ರಷ್ಟು ಸಾಕು ಎಂಬ ನಿಯಮವಿದ್ದರೆ 51 ನಿಮಿಷ. ಅಷ್ಟು ಹೊತ್ತೂ ಪ್ರತಿ ಕೋಶ 1 ವೋಲ್ಟ್‌ಗಿಂತ ಕೆಳಗಿಳಿಯಬಾರದು.

ಈಗೊಂದು ಲೆಕ್ಕ. 19 ಕೋಶಗಳು 1.2ರಲ್ಲಿವೆ, ಒಂದು ಮಾತ್ರ 0.4ಕ್ಕೆ ಕುಸಿದಿದೆ. ಮೊತ್ತ 23.2 ವೋಲ್ಟ್. ನೋಡಿದರೆ ಎಲ್ಲ ಸರಿಯೇ! ಬ್ಯಾಂಕಿನಲ್ಲಿ ಲೆಡ್ಜರ್ ಬರೆದವರಿಗೆ ಇದು ಗೊತ್ತು: ಒಟ್ಟು ಮೊತ್ತ ನೋಡಿದರೆ ಸಾಲದು, ಒಂದೊಂದು ಖಾತೆಯನ್ನೂ ನೋಡಬೇಕು.

ಕೈಯಲ್ಲಿ ಮೀಟರ್ ಹಿಡಿದು ಒಂದೊಂದೇ ಕೋಶ ಮುಟ್ಟಿ ಬರೆದುಕೊಳ್ಳುತ್ತ ಹೋದರೆ, ಇಪ್ಪತ್ತನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದರ ಅಳತೆ ಬದಲಾಗಿರಬಹುದು. ಗಣಕೀಕೃತ ಪ್ರಯೋಗಾಲಯದಲ್ಲಿ ಪ್ರತಿ ಕೋಶಕ್ಕೂ ಒಂದು ತಂತಿ. ಕಂಪ್ಯೂಟರ್ ಕೆಲವೇ ಸೆಕೆಂಡಿಗೊಮ್ಮೆ ಎಲ್ಲವನ್ನೂ ಅಳೆದು ದಾಖಲಿಸುತ್ತದೆ. ಬಿಸಿ ಮಿತಿ ಮೀರಿದರೆ ತಾನೇ ಚಾರ್ಜ್ ನಿಲ್ಲಿಸುತ್ತದೆ. ನಡುವೆ ಕರೆಂಟ್ ಹೋದರೂ ದಾಖಲೆ ಅಳಿಯದಂತೆ ವಿನ್ಯಾಸ ಮಾಡಬೇಕು.

ಕಟ್ಟಡಕ್ಕೂ ನಿಯಮಗಳಿವೆ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ. ಕಿಡಿ ತಾಗಿದರೆ ಅಪಾಯ. ಆದ್ದರಿಂದ ಗಾಳಿ ಚೆನ್ನಾಗಿ ಹೊರಹೋಗಬೇಕು. ಸೀಸ-ಆಮ್ಲದ ಬ್ಯಾಟರಿಗೆ ಬೇರೆ ಕೋಣೆಯೇ ಬೇಕು. ಆಮ್ಲದ ಸೋಂಕು ನಿಕಲ್-ಕ್ಯಾಡ್ಮಿಯಂನ ಕ್ಷಾರವನ್ನು ಕೆಡಿಸುತ್ತದೆ. ಸ್ಪ್ಯಾನರ್, ಸಿರಿಂಜ್ ಕೂಡ ಬೇರೆಬೇರೆ.

ಒಂದು ಕೋಶ ಏನು ಮಾಡೀತು ಅಂತೀರಾ? 2013ರ ಜನವರಿ 7ರಂದು ಬೋಸ್ಟನ್‌ನಲ್ಲಿ ನಿಂತಿದ್ದ ಜಪಾನ್ ಏರ್‌ಲೈನ್ಸ್‌ನ ಬೋಯಿಂಗ್ 787ರ ಬ್ಯಾಟರಿಗೆ ಬೆಂಕಿ ಬಿತ್ತು. ಅದು 8 ಕೋಶಗಳ ಲಿಥಿಯಂ-ಅಯಾನ್ ಬ್ಯಾಟರಿ. ಒಂದು ಕೋಶದೊಳಗಿನ ಶಾರ್ಟ್ ಸರ್ಕ್ಯೂಟ್‌ನ ಬಿಸಿ ಪಕ್ಕದವಕ್ಕೂ ಹರಡಿತ್ತೆಂದು ತನಿಖೆ ಹೇಳಿತು. ಪ್ರಯಾಣಿಕರು ಆಗಲೇ ಇಳಿದಿದ್ದರು, ಸದ್ಯ! ಕೆಲವೇ ದಿನಗಳಲ್ಲಿ ಜಪಾನಿನಲ್ಲೂ ಇನ್ನೊಂದು 787ರ ಬ್ಯಾಟರಿ ಕೆಟ್ಟಿತು. ಆಮೇಲೆ ಏರ್ ಇಂಡಿಯಾದವೂ ಸೇರಿ ಜಗತ್ತಿನ 787ಗಳೆಲ್ಲ ತಿಂಗಳುಗಟ್ಟಲೆ ಹಾರಲಿಲ್ಲ.

ಹಾಗಾದರೆ ಕಂಪ್ಯೂಟರ್ ಬಂದ ಮೇಲೆ ಮನುಷ್ಯನಿಗೆ ಕೆಲಸವಿಲ್ಲವೇ? ಇದೆ. ಕೈಯ ಉಂಗುರ ತೆಗೆದಿಟ್ಟು, ಕನ್ನಡಕ, ಕೈಗವಸು ಹಾಕಿ, ಕೋಶಗಳಿಗೆ ಬಟ್ಟಿ ಇಳಿಸಿದ ನೀರು ತುಂಬುವವನು ಅವನೇ. ಸೊರಗಿದ ಕೋಶವನ್ನು ಕಂಪ್ಯೂಟರ್ ತೋರಿಸುತ್ತದೆ. ಅದನ್ನು ತೆಗೆದು ಹೊಸದನ್ನು ಕೂರಿಸಿ, ದಾಖಲೆಗೆ ಸಹಿ ಹಾಕುವವನೂ ಅವನೇ.